ಬಾಗಿಲು ಮುಚ್ಚದ ಸಾಲ ಸಲಹಾ ಕೇಂದ್ರ

ಸಾಲ ತೀರಿಸುವ ದಾರಿ ಕೇಳಲು ಹೋದ ನನಗೆ, ಸಾಲವಿರುವ ಸಂಗತಿಯನ್ನು ಮನೆಯಲ್ಲಿ ಹೇಗೆ ಹೇಳಬೇಕೆಂಬುದನ್ನು ಮೊದಲು ಕಲಿಸಿದ ಜಾಗವಿದು. ಮಡಿಕೇರಿಯಲ್ಲಿ ಬ್ಯಾಂಕೊಂದರ ಆಶ್ರಯದಲ್ಲಿ ಉಚಿತವಾಗಿ ನಡೆಯುವ ಈ ಸಲಹಾ ಕೇಂದ್ರದ ಕೊರತೆಗಳನ್ನೂ ಹೇಳಬೇಕಾಗಿರುವುದರಿಂದ ಅದರ ಹೆಸರನ್ನು ಬರೆಯುವುದಿಲ್ಲ.

ನಾನು ಸೋಮವಾರಪೇಟೆ ಕಡೆಯ ಸಣ್ಣ ಬೆಳೆಗಾರ. ಕಾಂಡಕೊರಕ ಹುಳು ತಗುಲಿದ ಅರೇಬಿಕಾ ಕಾಫಿ ಗಿಡಗಳನ್ನು ಕಿತ್ತು ಸುಟ್ಟ ವರ್ಷವೇ ಆಗಸ್ಟ್ ಮಳೆಗೆ ಉಳಿದ ಗಿಡಗಳ ಕಾಯಿಯೂ ಉದುರಿಹೋಯಿತು. ಸಹಕಾರ ಸಂಘದ ಬೆಳೆಸಾಲ 3,00,000 ರೂಪಾಯಿ, ಒಡವೆ ಅಡವಿಟ್ಟು ತಂದದ್ದು 1,80,000, ಭಾವನಿಂದ ಕೈಸಾಲ 1,50,000, ಕಾಫಿ ವ್ಯಾಪಾರಿಯ ಮುಂಗಡ 65,000, ಮೊಬೈಲ್ ಆ್ಯಪ್‌ನ ಸಾಲ 45,000. ಇವುಗಳಲ್ಲಿ ಮನೆಯವರಿಗೆ ಗೊತ್ತಿದ್ದದ್ದು ಸಂಘದ ಸಾಲವೊಂದೇ. ಒಡವೆ ಬ್ಯಾಂಕಿನ ಲಾಕರಿನಲ್ಲಿದೆ ಎಂದೇ ನನ್ನ ಹೆಂಡತಿ ನಂಬಿದ್ದಳು.

ಕೇಂದ್ರದ ಸಲಹೆಗಾರರು ನಿವೃತ್ತ ಬ್ಯಾಂಕ್ ಅಧಿಕಾರಿ. ಬಡ್ಡಿಯ ಲೆಕ್ಕ ಕೇಳುತ್ತಾರೆಂದು ಪಾಸ್‌ಪುಸ್ತಕಗಳನ್ನೆಲ್ಲ ಹೊತ್ತುಕೊಂಡು ಹೋಗಿದ್ದೆ. ಅವರು ಒಂದು ಬಿಳಿ ಹಾಳೆ ಕೊಟ್ಟು ಸಾಲಗಳನ್ನೆಲ್ಲ ಬರೆಸಿದರು. ಬಳಿಕ ಪ್ರತಿಯೊಂದರ ಎದುರಿಗೂ ಅದು ಯಾರಿಗೆ ಗೊತ್ತು ಎಂಬುದನ್ನು ಬರೆಯಲು ಹೇಳಿದರು. ಆ ಸಾಲು ಬಹುತೇಕ ಖಾಲಿ ಉಳಿಯಿತು. ಮುಂದಿನ ಸಲ ಯಜಮಾನತಿಯನ್ನು ಕರೆದುಕೊಂಡು ಬನ್ನಿ, ಅಲ್ಲಿಯವರೆಗೆ ಯೋಜನೆ ಹಾಕಿ ಪ್ರಯೋಜನವಿಲ್ಲ ಎಂದರು. ಒಂದು ದಿನದ ಕೆಲಸ ಬಿಟ್ಟು ಬಸ್ಸಿನಲ್ಲಿ ಬಂದವನಿಗೆ ಆಗ ಸಿಟ್ಟೇ ಬಂತು.

ಆದರೆ ಹೇಳುವ ರೀತಿಯ ಬಗ್ಗೆ ಅವರು ಕೊಟ್ಟ ಸಲಹೆ ತೂಕವುಳ್ಳದ್ದಾಗಿತ್ತು. ಪೂರ್ತಿ ಮೊತ್ತವನ್ನು ಒಮ್ಮೆಗೇ ಹೇಳಬೇಕು. ಇವತ್ತು ಆ್ಯಪ್‌ನ ಸಾಲ, ಬರುವ ತಿಂಗಳು ಒಡವೆಯ ಸಾಲ ಎಂದು ಕಂತಿನಲ್ಲಿ ಹೇಳಿದರೆ ಕೇಳುವವರು ಪ್ರತಿ ಸಲವೂ ಇನ್ನೇನು ಉಳಿದಿದೆಯೋ ಎಂದು ಕಾಯುತ್ತ ಕೂರುತ್ತಾರೆ ಎಂದರು. ಸಾಲದ ವಿಷಯ ಹೇಳಿದ ಮಾತಿನಲ್ಲೇ ಹಣ ಕೇಳಬಾರದು ಎಂಬುದು ಅವರ ಎರಡನೆಯ ಮಾತು. ಸಂಘದ ಸಾಲಕ್ಕೆ ಜಾಮೀನು ಹಾಕಿದ ಗೆಳೆಯನಿಗೂ ನೋಟಿಸ್ ಹೋಗುವ ಮೊದಲೇ ತಿಳಿಸಬೇಕೆಂದು ಪಟ್ಟು ಹಿಡಿದರು. 1872ರ ಭಾರತೀಯ ಕರಾರು ಕಾಯ್ದೆಯ 128ನೆಯ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಸಾಲಗಾರನಿಗಿರುವಷ್ಟೇ ಹೊಣೆ ಜಾಮೀನುದಾರನಿಗೂ ಇರುತ್ತದೆ. ಸುಮ್ಮನೆ ಒಂದು ಸಹಿ ತಾನೆ ಎಂದು ಅವನಿಗೆ ಹೇಳಿದ್ದವನು ನಾನೇ.

ಹೆಂಡತಿಗೆ ಹೇಳಿದ ರಾತ್ರಿಯ ವಿವರ ಇಲ್ಲಿ ಬೇಡ. ಎರಡು ದಿನ ಅವಳು ಮಾತಾಡಲಿಲ್ಲ. ಮೂರನೆಯ ದಿನ ಕೇಳಿದ್ದು ಮೊತ್ತದ ಬಗ್ಗೆಯಲ್ಲ, ಲಾಕರಿನ ಬಗ್ಗೆ. ಎರಡನೆಯ ಭೇಟಿಗೆ ಬಂದಾಗ ನನಗಿಂತ ಹೆಚ್ಚು ಪ್ರಶ್ನೆ ಕೇಳಿದವಳೂ ಅವಳೇ. ಸಂಘದ ಶೂನ್ಯ ಬಡ್ಡಿಯ ಸೌಲಭ್ಯ ಗಡುವಿನೊಳಗೆ ಕಟ್ಟಿದರೆ ಮಾತ್ರ ದಕ್ಕುವುದರಿಂದ ಆ ದಿನಾಂಕವನ್ನು ತಪ್ಪಿಸದೆ, ಕೈಗೆ ಬಂದ ಉಳಿದ ಹಣವನ್ನು ಎಲ್ಲಕ್ಕಿಂತ ಹೆಚ್ಚು ಬಡ್ಡಿಯ ಆ್ಯಪ್‌ ಸಾಲಕ್ಕೆ ಕಟ್ಟುವುದೆಂದು ಅಲ್ಲೇ ತೀರ್ಮಾನವಾಯಿತು. ಆ್ಯಪ್‌ನವರು ನನ್ನ ತಮ್ಮನಿಗೂ ಪಕ್ಕದ ತೋಟದವರಿಗೂ ಫೋನ್ ಮಾಡಿದ್ದನ್ನು ಹೇಳಿದಾಗ, ವಸೂಲಿಯವರು ಬೆಳಿಗ್ಗೆ 8ಕ್ಕೆ ಮೊದಲು ಮತ್ತು ಸಂಜೆ 7ರ ನಂತರ ಕರೆ ಮಾಡುವಂತಿಲ್ಲ, ಸಾಲಗಾರನ ಮನೆಯವರಿಗೂ ಗೆಳೆಯರಿಗೂ ಕಿರುಕುಳ ಕೊಡುವಂತಿಲ್ಲ ಎಂಬ ರಿಸರ್ವ್ ಬ್ಯಾಂಕಿನ 2022ರ ಆಗಸ್ಟ್ ಸುತ್ತೋಲೆಯನ್ನು ಸಲಹೆಗಾರರು ತೆರೆದು ತೋರಿಸಿ, ದೂರಿನ ಪತ್ರವನ್ನು ಕನ್ನಡದಲ್ಲೇ ಬರೆದುಕೊಟ್ಟರು. ಇದಕ್ಕೆ ಪೂರ್ಣ ಅಂಕ ಕೊಡುತ್ತೇನೆ.

ಅವರ ಲೆಕ್ಕ ತಪ್ಪಿದ್ದು ಭಾವನ ವಿಷಯದಲ್ಲಿ. ಭಾವ ಕೇಳುವ ಮೊದಲೇ ನೀವಾಗಿ ಹೋಗಿ, ಯಾವ ತಿಂಗಳು ಎಷ್ಟು ಕೊಡುತ್ತೀರೆಂದು ಹೇಳಿ ಬನ್ನಿ ಎಂದರು. ಹಾಗೆಯೇ ಹೋಗಿ, ಕರಿಮೆಣಸು ಮಾರಿದ ಮೇಲೆ ಅರ್ಧ ಕೊಡುತ್ತೇನೆ ಎಂದು ಜಗಲಿಯಲ್ಲಿ ಹೇಳುತ್ತಿರುವಾಗ ಅಕ್ಕ ಕಾಫಿ ತಂದಳು. ಭಾವ ನನಗೆ ಹಣ ಕೊಟ್ಟದ್ದು ಅವಳಿಗೆ ಗೊತ್ತೇ ಇರಲಿಲ್ಲ. ನನ್ನ ಗುಟ್ಟು ಬಿಚ್ಚಲು ಹೋಗಿ ಅವರ ಗುಟ್ಟನ್ನೂ ಬಿಚ್ಚಿದಂತಾಯಿತು. ಆ ಮನೆಯ ಮುನಿಸು ಈಗಲೂ ಪೂರ್ತಿ ಇಳಿದಿಲ್ಲ. ಕೈಸಾಲ ಕೊಟ್ಟವರ ಮನೆಯಲ್ಲಿ ಅದು ಯಾರಿಗೆ ಗೊತ್ತು ಎಂಬ ಸಾಲನ್ನೂ ಆ ಹಾಳೆಯಲ್ಲಿ ಸೇರಿಸಬೇಕೆಂದು ನಾನು ಮರಳಿ ಹೋದಾಗ ಹೇಳಿದೆ. ಸಲಹೆಗಾರರು ತಲೆದೂಗಿ ಬರೆದುಕೊಂಡರು.

ಅರ್ಜಿ ನಮೂನೆ ಇಂಗ್ಲಿಷಿನಲ್ಲಿದೆ ಎಂಬುದು ಸಣ್ಣ ದೂರು. ದೊಡ್ಡ ದೂರು ಕೋಣೆಯ ಬಗ್ಗೆ. ಸಲಹೆ ಕೊಡುವ ಮೇಜು ಓಣಿಗೆ ತೆರೆದುಕೊಂಡಿದೆ, ಅದರ ಬಾಗಿಲು ಮುಚ್ಚುವುದಿಲ್ಲ, ಹೊರಗಿನ ಬೆಂಚಿನಲ್ಲಿ ಕೂತವರಿಗೆ ಒಳಗಿನ ಮೊತ್ತಗಳೆಲ್ಲ ಕೇಳಿಸುತ್ತವೆ. ಒಬ್ಬರಿಗೊಬ್ಬರು ಮನೆಹೆಸರಿನಿಂದಲೇ ಗುರುತು ಹತ್ತುವ ನಮ್ಮ ಜಿಲ್ಲೆಯಲ್ಲಿ ಇದು ಸಣ್ಣ ಸಂಗತಿಯಲ್ಲ. ಶುಕ್ರವಾರ ಮಡಿಕೇರಿ ಸಂತೆಗೆ ಬಂದವರೂ ಅದೇ ಬೆಂಚಿನಲ್ಲಿ ಚೀಲವಿಟ್ಟು ಕೂರುತ್ತಾರೆ. ಹೋಗುವವರು ಬೇರೆ ದಿನ ನೋಡಿಕೊಂಡು ಹೋಗುವುದು ಒಳ್ಳೆಯದು. ನಾವು ಎರಡನೆಯ ಸಲ ಹೋದದ್ದು ಬುಧವಾರ. ಆದರೂ ಹೊರಗೆ ಬಂದಾಗ ಬೆಂಚಿನ ಮೇಲೆ ನಮ್ಮೂರಿನವರೇ ಒಬ್ಬರು, ಕೈಯಲ್ಲಿ ಅಂಥದೇ ಪಾಸ್‌ಪುಸ್ತಕಗಳ ಕಟ್ಟು ಹಿಡಿದು, ನಮ್ಮತ್ತ ನೋಡದೆ ಕೂತಿದ್ದರು.