ಪೇಪರ್ ಓದುವುದು ಎಲ್ಲಿಂದ: ಅಬ್‌ಸ್ಟ್ರ್ಯಾಕ್ಟೋ, ಫಿಗರೋ?

ಸೆಲ್ ಬಯಾಲಜಿಯಲ್ಲಿ ಎಂಎಸ್ಸಿ, ಪಿಎಚ್‌ಡಿ ಮಾಡುವವರ ಮುಂದೆ ಸಂಶೋಧನಾ ಪೇಪರ್ ಓದಲು ಎರಡು ದಾರಿ ಇವೆ: ಮೊದಲು ಅಬ್‌ಸ್ಟ್ರ್ಯಾಕ್ಟ್ (ಆರಂಭದ ಸಾರಾಂಶ), ಇಲ್ಲವೇ ಮೊದಲು ಫಿಗರ್ (ಫಲಿತಾಂಶದ ಚಿತ್ರಗಳು).

ಅಬ್‌ಸ್ಟ್ರ್ಯಾಕ್ಟ್ ಬೇಗ ಮುಗಿಯುತ್ತದೆ. ಹತ್ತಾರು ಪೇಪರ್‌ಗಳಲ್ಲಿ ಬೇಕಾದ್ದನ್ನು ಆರಿಸಲು ಅಷ್ಟು ಸಾಕು. ಆದರೆ ಲೇಖಕರ ತೀರ್ಮಾನ ಮೊದಲೇ ತಲೆಯಲ್ಲಿ ಕೂತುಬಿಡುತ್ತದೆ. ಆಮೇಲೆ ಫಿಗರ್ ನೋಡಿದರೂ ಅವರು ಹೇಳಿದ್ದೇ ಕಾಣುತ್ತದೆ.

ಫಿಗರ್‌ನಿಂದ ಶುರು ಮಾಡಿದರೆ ನಿಧಾನ, ಮೊದಮೊದಲು ಸುಸ್ತು ಕೂಡ. ಆದರೆ ಪ್ರಶ್ನೆಗಳು ನಿಮ್ಮವೇ ಆಗಿರುತ್ತವೆ. ವೆಸ್ಟರ್ನ್ ಬ್ಲಾಟ್ ತೆಗೆದುಕೊಳ್ಳಿ, ಅಂದರೆ ಯಾವ ಪ್ರೋಟೀನ್ ಎಷ್ಟಿದೆ ಎಂದು ಕಪ್ಪು ಪಟ್ಟಿಗಳಲ್ಲಿ (ಬ್ಯಾಂಡ್) ತೋರಿಸುವ ಚಿತ್ರ; ಒಂದೊಂದು ಸ್ಯಾಂಪಲ್‌ಗೆ ಒಂದೊಂದು ಲೇನ್. ಎಲ್ಲ ಸ್ಯಾಂಪಲ್‌ಗಳಲ್ಲೂ ಅಷ್ಟೇ ಪ್ರೋಟೀನ್ ಹಾಕಿದ್ದಾರಾ ಎಂದು ತಿಳಿಯಲು ನೋಡುವ ಆಕ್ಟಿನ್ ಬ್ಯಾಂಡ್ ಎಲ್ಲ ಲೇನ್‌ಗಳಲ್ಲೂ ಸಮ ಇದೆಯಾ? ತೀರಾ ಕಪ್ಪಾಗಿ ಸ್ಯಾಚುರೇಟ್ ಆಗಿದ್ದರೆ, ಸಮ ಕಂಡರೂ ನಂಬುವಂತಿಲ್ಲ. ಪ್ರೋಟೀನನ್ನು ಎಸ್‌ಐಆರ್‌ಎನ್‌ಎಯಿಂದ (ಒಂದು ಪ್ರೋಟೀನಿನ ತಯಾರಿ ತಗ್ಗಿಸುವ ಪುಟ್ಟ ಆರ್‌ಎನ್‌ಎ) ಇಳಿಸಿದ್ದಾರೆ ಸರಿ, ಅದನ್ನು ವಾಪಸ್ ಕೊಟ್ಟಾಗ ಜೀವಕೋಶ ಮೊದಲಿನಂತಾಯಿತಾ? ಎನ್ = 3 (ಎಷ್ಟು ಸಲ ಅಳೆದರು ಎಂಬ ಲೆಕ್ಕ) ಅಂದರೆ ಮೂರು ಬೇರೆ ಪ್ರಯೋಗಗಳೋ, ಒಂದೇ ಪ್ಲೇಟಿನ ಮೂರು ವೆಲ್‌ಗಳೋ (ಕೋಶ ಬೆಳೆಸುವ ಗುಳಿಗಳು)? ಫಿಗರ್ ಲೆಜೆಂಡನ್ನು (ಚಿತ್ರದ ಜೊತೆಗಿನ ವಿವರಣೆ) ಸುಮ್ನೆ ದಾಟಿ ಹೋಗಬೇಡಿ.

2014ರ ಸ್ಟ್ಯಾಪ್ ಕೋಶಗಳ ಪೇಪರ್ ಗೊತ್ತಲ್ವಾ, ಸಾಮಾನ್ಯ ಕೋಶಕ್ಕೆ ಆಮ್ಲದಂಥ ಒತ್ತಡ ಕೊಟ್ಟರೆ ಕಾಂಡಕೋಶದಂತಾಗುತ್ತದೆ ಎಂದಿದ್ದು? ಜನವರಿಯಲ್ಲಿ 'ನೇಚರ್'ನಲ್ಲಿ ಬಂತು, ಜುಲೈನಲ್ಲಿ ಹಿಂತೆಗೆದುಕೊಂಡರು. ಅದರ ಒಂದು ಜೆಲ್ (ಡಿಎನ್‌ಎ ತುಣುಕುಗಳನ್ನು ಗಾತ್ರದಂತೆ ಬೇರ್ಪಡಿಸುವುದು) ಚಿತ್ರದಲ್ಲಿ ಬೇರೆ ಜೆಲ್‌ನ ಲೇನ್ ಸೇರಿಸಿದ್ದರು. ಅಬ್‌ಸ್ಟ್ರ್ಯಾಕ್ಟ್ ಎಷ್ಟು ಸಲ ಓದಿದರೂ ಅದು ಸಿಗುತ್ತಿರಲಿಲ್ಲ.

ಜರ್ನಲ್ ಕ್ಲಬ್‌ನಲ್ಲಿ (ಪೇಪರ್ ಚರ್ಚಿಸುವ ಲ್ಯಾಬ್ ಸಭೆ) ಮಂಡಿಸಬೇಕಾ? ಫಿಗರ್ ಮೊದಲು, ಇದರಲ್ಲಿ ನನಗೆ ಅನುಮಾನವೇ ಇಲ್ಲ. ಟೆಕ್ನಿಕ್‌ಗಳೇ ಹೊಸದಾ? ಮೊದಲು ಒಂದು ಒಳ್ಳೆಯ ರಿವ್ಯೂ (ಆ ವಿಷಯದ ಹಲವು ಪೇಪರ್‌ಗಳನ್ನು ಒಟ್ಟಿಗೆ ವಿವರಿಸುವ ಲೇಖನ) ಓದಿ, ಆಮೇಲೆ ಫಿಗರ್‌ಗೆ ಬನ್ನಿ.