ಈ ನಂಬರ್ ಯಾರದ್ದು? ಈನಮ್, ಡುಂಡಿ, ಎನ್‌ರೆನಮ್ ಮೂರನ್ನೂ ಬಳಸಿ ನೋಡಿದೆ

2010ರ ಸುಮಾರಿಗೆ ನಾನು ವಿಯೆನ್ನಾದ ಒಂದು ಕ್ಯಾಂಪಸ್‌ನಲ್ಲಿ ನೆಟ್‌ವರ್ಕ್ ಕೆಲಸ ಮಾಡುತ್ತಿದ್ದೆ. ಮನೆಯಲ್ಲಿ ಹಳೆಯ ಪಿಸಿಯೊಂದಕ್ಕೆ ಆಸ್ಟರಿಸ್ಕ್ ಎಂಬ ಸಾಫ್ಟ್‌ವೇರ್ ಹಾಕಿ ಸ್ವಂತದ್ದೊಂದು ಟೆಲಿಫೋನ್ ಎಕ್ಸ್‌ಚೇಂಜ್ ಮಾಡಿಕೊಂಡಿದ್ದೆ. ತಲೆಯಲ್ಲಿ ಕೊರೆಯುತ್ತಿದ್ದದ್ದು ಒಂದೇ ಪ್ರಶ್ನೆ. ಇಬ್ಬರ ಮನೆಯಲ್ಲೂ ಇಂಟರ್ನೆಟ್ ಇದೆ, ಇಬ್ಬರ ಹತ್ತಿರವೂ ಸಿಪ್ ಫೋನ್, ಅಂದರೆ ಇಂಟರ್ನೆಟ್ ಮೇಲೆ ಕರೆ ಮಾಡುವ ಫೋನ್ ಇದೆ. ಹಾಗಿದ್ದ ಮೇಲೆ ಕರೆ ಯಾಕೆ ಟೆಲಿಫೋನ್ ಕಂಪನಿಯ ಮನೆ ಹೊಕ್ಕು, ದುಡ್ಡು ತೆತ್ತು ಬರಬೇಕು?

ತೊಡಕಿದ್ದದ್ದು ವಿಳಾಸದಲ್ಲಿ. ಸಿಪ್ ವಿಳಾಸ ಇಮೇಲ್ ಥರ ಉದ್ದ. ಮೇಜಿನ ಮೇಲಿನ ಫೋನಿಗಿರುವುದು 12 ಗುಂಡಿ. ನಂಬರ್ ಕೊಟ್ಟರೆ ವಿಳಾಸ ಹುಡುಕಿಕೊಡುವವರು ಯಾರಾದರೂ ಬೇಕು. ಆ ಹುಡುಕಾಟಕ್ಕೆ ಮೂರು ದಾರಿ ಹಿಡಿದು ನೋಡಿದೆ.

ಮೊದಲು ಈನಮ್. ಇದರ ಉಪಾಯ ಎಷ್ಟು ಸರಳ ಅಂದರೆ ಓದಿದಾಗ ನಗು ಬಂತು. ನಂಬರನ್ನು ಹಿಂದುಮುಂದು ಮಾಡಿ. ಅಂಕಿಗಳ ನಡುವೆ ಚುಕ್ಕಿ ಇಡಿ. ಕೊನೆಗೆ ಇ164.ಅರ್ಪಾ ಅಂತ ಸೇರಿಸಿ. ಇಂಟರ್ನೆಟ್‌ನಲ್ಲಿ ಹೆಸರು ಕೊಟ್ಟರೆ ವಿಳಾಸ ಹೇಳುವ ಡಿಎನ್‌ಎಸ್ ಅನ್ನು ಕೇಳಿ. ನಮ್ಮ ಶಿವಮೊಗ್ಗದ +91 8182 ಹೀಗೆ 2.8.1.8.1.9.ಇ164.ಅರ್ಪಾ ಆಗುತ್ತದೆ. ತಿರುಗಿಸುವುದು ಯಾಕೆಂದರೆ ಡಿಎನ್‌ಎಸ್ ಹೆಸರನ್ನು ಬಲದಿಂದ ಎಡಕ್ಕೆ ಬಿಡಿಸುತ್ತದೆ. ಮೊದಲು ದೇಶ, ಆಮೇಲೆ ಊರು, ಆಮೇಲೆ ಮನೆ. ಉತ್ತರವಾಗಿ ಬರುವುದು ಎನ್‌ಎಪಿಟಿಆರ್ ಎಂಬ ದಾಖಲೆ. ಈ ನಂಬರಿಗೆ ಸಿಪ್ ವಿಳಾಸ ಇದು, ಇಮೇಲ್ ಇದು, ಮೊದಲು ಇದನ್ನು ನೋಡು, ಆಮೇಲೆ ಅದನ್ನು ಅಂತ ಅದರಲ್ಲಿರುತ್ತದೆ. 2000ದಲ್ಲಿ ಆರ್‌ಎಫ್‌ಸಿ 2916 ಎಂಬ ಇಂಟರ್ನೆಟ್ ನಿಯಮಪತ್ರವಾಗಿ ಬಂದ ಇದನ್ನು 2004ರಲ್ಲಿ ಒಮ್ಮೆ, 2011ರಲ್ಲಿ ಇನ್ನೊಮ್ಮೆ ತಿದ್ದಿದರು. ಈ ಹೆಸರುಗಳೆಲ್ಲ ಒಂದು ಮರದ ಹಾಗೆ ಕವಲೊಡೆಯುತ್ತವೆ. ಮರದ ಬುಡವನ್ನು ರೈಪ್ ಎನ್‌ಸಿಸಿ ಎಂಬ ಇಂಟರ್ನೆಟ್ ವಿಳಾಸಗಳ ಸಂಸ್ಥೆ ನೋಡಿಕೊಳ್ಳುತ್ತದೆ. ಒಂದೊಂದು ದೇಶದ ಕೊಂಬೆ ಆಯಾ ದೇಶದ ಕೈಯಲ್ಲಿ.

ನಾನಿದ್ದ ಜಾಗವೂ ಇದಕ್ಕೆ ಹೇಳಿಮಾಡಿಸಿದಂತಿತ್ತು. ಆಸ್ಟ್ರಿಯಾ 2004ರ ಡಿಸೆಂಬರ್‌ನಲ್ಲೇ ಈನಮ್ ಅನ್ನು ವಾಣಿಜ್ಯ ಸೇವೆಯಾಗಿ ಶುರುಮಾಡಿತ್ತು. ಇದಕ್ಕೆಂದೇ +43 780 ಎಂಬ ಸರಣಿಯನ್ನೂ ತೆರೆದಿತ್ತು. ದಾಖಲೆ ಹಾಕಿಸಿದೆ. ಕ್ಯಾಂಪಸ್‌ನಿಂದ ಮನೆಗೆ ಡಯಲ್ ಮಾಡಿದೆ. ನೇರವಾಗಿ ಇಂಟರ್ನೆಟ್‌ನಲ್ಲೇ ರಿಂಗ್ ಆಯಿತು. ಧ್ವನಿ ಸೊಗಸು, ಖರ್ಚು ಸೊನ್ನೆ. ಅವತ್ತು ರಾತ್ರಿ ಗೊತ್ತಿದ್ದವರ ನಂಬರನ್ನೆಲ್ಲ ಹುಡುಕಿದೆ. ನಲವತ್ತಕ್ಕೂ ಜಾಸ್ತಿ ನಂಬರ್. ಸಿಕ್ಕಿದ್ದು ಎರಡು! ಊರಿನ ಲ್ಯಾಂಡ್‌ಲೈನ್ ಕೇಳಿದರೆ ಅಂಥ ಹೆಸರೇ ಇಲ್ಲ ಅನ್ನುವ ಉತ್ತರ.

ಮರ ಚೆನ್ನಾಗಿತ್ತು, ಕಾಯಿ ಇರಲಿಲ್ಲ. ಕಾರಣ ಊಹಿಸುವುದು ಕಷ್ಟವಲ್ಲ. ನಂಬರ್ ನಿಮ್ಮದೇ ಎಂದು ಖಾತ್ರಿಪಡಿಸದೆ ದಾಖಲೆ ಹಾಕುವಂತಿಲ್ಲ. ಖಾತ್ರಿಯ ಮಾಹಿತಿ ಇರುವುದು ಟೆಲಿಫೋನ್ ಕಂಪನಿಯ ಹತ್ತಿರ. ತನ್ನ ಬಿಲ್ಲಿಗೆ ಕತ್ತರಿ ಹಾಕುವ ಕೆಲಸಕ್ಕೆ ಅದು ಉತ್ಸಾಹದಿಂದ ಓಡಿಬರುತ್ತದಾ? ಹೀಗಾಗಿ ಇ164.ಆರ್ಗ್ ಅಂತ ಹವ್ಯಾಸಿಗಳೇ ನೆಟ್ಟ ಇನ್ನೊಂದು ಮರವೂ ಇತ್ತು. ಅಲ್ಲಿ ಜನ ಒಂದಿಷ್ಟು ಜಾಸ್ತಿ ಸಿಗುತ್ತಿದ್ದರು. ಯಾವ ಕರೆ ಎಲ್ಲಿಗೆ ಹೋಗಬೇಕು ಎಂದು ಬರೆದಿಡುವ ನನ್ನ ಡಯಲ್‌ಪ್ಲಾನ್‌ಗೆ ಅದನ್ನೂ ಸೇರಿಸಿ ಪೇಚಿಗೆ ಸಿಕ್ಕಿದೆ. ಒಂದು ಮರದಲ್ಲಿ ಇಲ್ಲ, ಇನ್ನೊಂದರಲ್ಲಿ ನೋಡು ಅನ್ನುವಷ್ಟರಲ್ಲಿ ಡಿಎನ್‌ಎಸ್ ತಡಮಾಡಿತು ಅಂದರೆ ಕಿವಿಯಲ್ಲಿ ಐದಾರು ಸೆಕೆಂಡ್ ಮೌನ. ಫೋನ್ ಕೆಟ್ಟಿದೆ ಅಂತ ಹೆಂಡತಿ ಇಟ್ಟೇಬಿಡುತ್ತಿದ್ದಳು.

ಅದಕ್ಕಿಂತ ದೊಡ್ಡ ಕಾಟ ಇನ್ನೊಂದಿತ್ತು. ಈನಮ್‌ನಲ್ಲಿ ಹೆಸರು ಹಾಕಿದ ಮೇಲೆ ಗುರುತಿಲ್ಲದವರ ಕರೆಯನ್ನೂ ಒಳಗೆ ಬಿಡಬೇಕು. ಇಲ್ಲದಿದ್ದರೆ ಅದರ ಉಪಯೋಗವೇನು? ಸಿಪ್ ಕರೆಗಳು ಒಳಬರುವ ಬಾಗಿಲಾದ 5060ನೇ ಪೋರ್ಟ್ ತೆರೆದಿಟ್ಟೆ. ರಾತ್ರಿ ಮೂರು ಗಂಟೆಗೆ ರಿಂಗ್. ಎತ್ತಿದರೆ ಯಾರೂ ಇಲ್ಲ, ಕರೆ ಬಂದದ್ದು 100 ಎಂಬ ನಂಬರಿನಿಂದ. ಸಿಪ್ ಸರ್ವರ್ ಎಲ್ಲಿದೆ ಅಂತ ಬಾಗಿಲು ಬಾಗಿಲು ತಟ್ಟುತ್ತಾ ಹೋಗುವ ಸ್ಕ್ಯಾನರ್‌ಗಳ ಕೆಲಸ ಅದು.

ಆಗ ಡುಂಡಿಗೆ ಬಂದೆ. ಆಸ್ಟರಿಸ್ಕ್ ಹುಟ್ಟುಹಾಕಿದ ಮಾರ್ಕ್ ಸ್ಪೆನ್ಸರ್ ಅವರದೇ ಸೃಷ್ಟಿ. ಹೆಸರು ಕೇಳಿ ನನಗೆ ಕಾಶಿಯ ಢುಂಢಿ ಗಣಪತಿ ನೆನಪಾದ. ಢುಂಢಿ ಅಂದರೂ ಹುಡುಕುವುದೇ ಅಲ್ವಾ! ಇದರಲ್ಲಿ ಮರವೂ ಇಲ್ಲ, ಬೇರೂ ಇಲ್ಲ. ನನ್ನ ಸರ್ವರ್ ನನಗೆ ಗೊತ್ತಿರುವ ಸರ್ವರ್‌ಗಳನ್ನು ಕೇಳುತ್ತದೆ. ಅವು ತಮಗೆ ಗೊತ್ತಿರುವವನ್ನು ಕೇಳುತ್ತವೆ. ಹಳ್ಳಿಯಲ್ಲಿ ಮನೆ ವಿಚಾರಿಸಿದ ಹಾಗೆ. ಗುರುತು ಖಾತ್ರಿಪಡಿಸುವ ಡಿಜಿಟಲ್ ಕೀಲಿಯನ್ನು ಮೊದಲೇ ಹಂಚಿಕೊಂಡವರಿಗೆ ಮಾತ್ರ ಉತ್ತರ. ಉತ್ತರದ ಜೊತೆಗೆ ಆಗಾಗ ಬದಲಾಗುವ ಗುಟ್ಟಿನ ಪದವೊಂದನ್ನೂ ಕೊಡಬಹುದು. ಅದಿಲ್ಲದೆ ಬಂದವರಿಗೆ ಬಾಗಿಲು ಹಾಕಿದ್ದೇ. ನಾನು ಮತ್ತು ಮೂವರು ಗೆಳೆಯರು ಸೇರಿಕೊಂಡೆವು. ಒಬ್ಬ ಬೆಂಗಳೂರಿನಲ್ಲಿದ್ದ. ರಾತ್ರಿಯ ರಿಂಗ್ ನಿಂತಿತು.

ಆದರೆ ಕೀಲಿ ಹಂಚುವುದು ಸುಮ್ನೆ ಮಾತಲ್ಲ. ನಾಲ್ಕು ಮನೆಗೇ ಒಂದಿಡೀ ಶನಿವಾರ ಹೋಯಿತು. ಇನ್ನೊಂದು ಸಂಗತಿ ಏನೆಂದರೆ, ಇಲ್ಲಿ ಯಾರು ಯಾವ ನಂಬರ್ ನನ್ನದು ಅಂದರೂ ನಂಬಲೇಬೇಕು. ಗೆಳೆಯನೊಬ್ಬ ತನ್ನ ನಂಬರ್‌ಗಳು ಯಾವುವು ಎಂದು ಬರೆಯುವ ಪ್ಯಾಟರ್ನ್‌ನಲ್ಲಿ ಒಂದು ಅಂಕಿ ತಪ್ಪಿಸಿ, ವಿಯೆನ್ನಾದ ಅರ್ಧ ಊರಿನ ನಂಬರೆಲ್ಲ ತನ್ನದೇ ಅಂತ ಸಾರಿಬಿಟ್ಟ. ನಾನು ಹಲ್ಲಿನ ಡಾಕ್ಟರಿಗೆ ಮಾಡಿದ ಕರೆ ಅವನ ಅಡುಗೆಮನೆಯಲ್ಲಿ ರಿಂಗಾಯಿತು.

ವಿಡಿಯೋಗೆ ಬಂದರೆ ಕಥೆಯೇ ಬೇರೆ. ಕ್ಯಾಂಪಸ್‌ನ ಮೀಟಿಂಗ್ ರೂಮಿನಲ್ಲಿ ಎಚ್.323 ಯಂತ್ರವಿತ್ತು. ಎಚ್.323 ಅಂದರೆ ಸಿಪ್ ಥರದ್ದೇ ಇನ್ನೊಂದು ಕರೆಯ ಭಾಷೆ. ಅದಕ್ಕೆ ಮೊದಲು ಜಿಡಿಎಸ್ ಎಂಬ ವ್ಯವಸ್ಥೆಯಲ್ಲಿ 00 ಹಾಕಿ ಡಯಲ್ ಮಾಡುತ್ತಿದ್ದರು. ಕರೆಯ ವಿಚಾರಣೆ ದಾರಿ ತೋರಿಸುವ ಗೇಟ್‌ಕೀಪರ್ ಸರ್ವರ್‌ಗಳ ಮೆಟ್ಟಿಲು ಹತ್ತಿ ಇಳಿಯಬೇಕು. ನಡುವೆ ಒಂದು ಮಲಗಿದರೆ ಕೆಲಸ ಕೆಟ್ಟಿತು. ಎನ್‌ರೆನಮ್ ಈ ಮೆಟ್ಟಿಲನ್ನೇ ತೆಗೆದುಹಾಕಿತು. ಅದು ನಾನಾ ದೇಶಗಳ ಸಂಶೋಧನಾ ಜಾಲಗಳು ಸೇರಿ ನಡೆಸುತ್ತಿದ್ದ ಈನಮ್. ಉಪಾಯ ಅದೇ, ಮರ ಮಾತ್ರ ಎನ್‌ರೆನಮ್.ನೆಟ್. ದೇಶದ ಜಾಲ ತನ್ನ ಕೊಂಬೆಯ ಒಂದು ಭಾಗವನ್ನು ವಿಶ್ವವಿದ್ಯಾಲಯಕ್ಕೆ ಕೊಡುತ್ತಿತ್ತು, ವಿಶ್ವವಿದ್ಯಾಲಯ ತನ್ನ ಕೋಣೆಗಳಿಗೆ ಹಂಚುತ್ತಿತ್ತು. ನಂಬರ್ ಯಾರದ್ದು ಅಂತ ಹೇಳುವವರಿಗೆ ಅದು ನಿಜವಾಗಿ ಗೊತ್ತಿರುತ್ತಿತ್ತು, ಸುಳ್ಳು ಹೇಳಿ ಅವರಿಗೆ ಲಾಭವಿರಲಿಲ್ಲ. ಒಂದೇ ನಂಬರಿಗೆ ಎಚ್.323 ಮತ್ತು ಸಿಪ್ ಎರಡೂ ದಾಖಲೆ ಇಡಬಹುದಿತ್ತು. ಯಂತ್ರ ತನಗೆ ಬರುವ ಭಾಷೆ ಆರಿಸಿಕೊಳ್ಳುತ್ತಿತ್ತು. ಆಫೀಸಿಗೆ ಇದನ್ನೇ ಇಟ್ಟೆವು. ಒಮ್ಮೆ ಕೋಣೆ ಬದಲಾದರೂ ದಾಖಲೆ ಬದಲಾಯಿಸುವುದನ್ನು ಮರೆತು, ಹೊರದೇಶದ ಪ್ರೊಫೆಸರ್ ಒಬ್ಬರು ಖಾಲಿ ಕುರ್ಚಿಗಳನ್ನು ಹತ್ತು ನಿಮಿಷ ನೋಡುತ್ತಾ ಕೂತರು. ಅದು ನನ್ನ ತಪ್ಪು, ವ್ಯವಸ್ಥೆಯದ್ದಲ್ಲ.

ಆಗಿನ ನನ್ನ ಲೆಕ್ಕದಲ್ಲಿ ಮನೆ ಮತ್ತು ಗೆಳೆಯರಿಗೆ ಡುಂಡಿ, ಸಂಸ್ಥೆಗೆ ಎನ್‌ರೆನಮ್. ಸಾರ್ವಜನಿಕ ಈನಮ್ ಮೂರರಲ್ಲೂ ಚೆಂದ, ಆದರೆ ಅದನ್ನು ನೆಚ್ಚಿಕೊಂಡು ಡಯಲ್ ಮಾಡುವ ಹಾಗಿಲ್ಲ. ಅದು ಸತ್ತಿದೆ ಅಂತಲೂ ಅನ್ನಲಾರೆ. ಅದೇ ಹುಡುಕಾಟವನ್ನು ಟೆಲಿಕಾಂ ಕಂಪನಿಗಳು ತಮ್ಮ ಬೇಲಿಯೊಳಗೆ ಬಳಸುತ್ತವೆ. ವೋಲ್ಟೆ, ಅಂದರೆ 4ಜಿ ಮೊಬೈಲ್ ಕರೆಯ ಹಿಂದೆ ಐಎಂಎಸ್ ಎಂಬ ವ್ಯವಸ್ಥೆ ಇದೆ. ಅದು ನಂಬರನ್ನು ಸಿಪ್ ವಿಳಾಸಕ್ಕೆ ತಿರುಗಿಸಲು ಈನಮ್ ಅನ್ನೇ ಕೇಳುತ್ತದೆ. ವಾಟ್ಸ್ಆ್ಯಪ್ ಕೂಡ ನಂಬರಿನಿಂದಲೇ ಖಾತೆ ಹುಡುಕುತ್ತದೆ. ಒಂದು ಒಟಿಪಿ ಕಳಿಸಿ, ನಂಬರ್ ನಿಮ್ಮದು ಅಂತ ತಾನೇ ಒಪ್ಪಿಕೊಳ್ಳುತ್ತದೆ. ಪಟ್ಟಿ ಮಾತ್ರ ಒಂದೇ ಕಂಪನಿಯ ಕಪಾಟಿನಲ್ಲಿ.

ಅಮ್ಮ ಈಗ ಅದರಲ್ಲೇ ವಿಡಿಯೋ ಕರೆ ಮಾಡುತ್ತಾಳೆ. ನನ್ನ ಡುಂಡಿ ಫೈಲಿನಲ್ಲಿ ಮೂರು ಗೆಳೆಯರ ಕೀಲಿ ಇನ್ನೂ ಇವೆ. ಬೆಂಗಳೂರಿನವನ ಸರ್ವರ್ ಮಾತ್ರ ಉತ್ತರ ಕೊಡುತ್ತದೆ, ಅದೂ ಅವನ ಮನೆಯಲ್ಲಿ ಕರೆಂಟ್ ಇದ್ದಾಗ.