ಪ್ಲಾಸ್ಟಿಕ್ ಸರ್ಜರಿಗೆ ಎರಡು ಕಡೆ ವಿಚಾರಿಸಿದೆವು: ಒಂದಕ್ಕೆ ಒಂದು ಸ್ಟಾರ್, ಇನ್ನೊಂದಕ್ಕೆ ನಾಲ್ಕು

ಎರಡೂ ಜಾಗದ ಹೆಸರು ಹಾಕುತ್ತಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಒಂದು ಬೆಂಗಳೂರಿನ ಕಾಸ್ಮೆಟಿಕ್ ಕ್ಲಿನಿಕ್. ಇನ್ನೊಂದು ಮೆಡಿಕಲ್ ಕಾಲೇಜಿಗೆ ಸೇರಿದ ಆಸ್ಪತ್ರೆಯ ಪ್ಲಾಸ್ಟಿಕ್ ಸರ್ಜರಿ ವಿಭಾಗ. ಅಲ್ಲಿ ಏನು ಕೇಳಿದರು, ಏನು ಹೇಳಿದರು, ಯಾವುದನ್ನು ಹೇಳದೆ ಬಿಟ್ಟರು ಅನ್ನುವುದು ಗೊತ್ತಿದ್ದರೆ ನಾಳೆ ನಿಮ್ಮ ಮನೆಯವರನ್ನು ಎಲ್ಲಿಗೆ ಕರೆದುಕೊಂಡು ಹೋದರೂ ಉಪಯೋಗಕ್ಕೆ ಬರುತ್ತದೆ.

ಪೇಶೆಂಟ್ ನಮ್ಮ ಚಿಕ್ಕಮ್ಮ. ಹಾಸನದ ಕಡೆಯ ಹಳ್ಳಿ. ಬಚ್ಚಲ ಹಂಡೆ ಒಲೆಗೆ ಸೌದೆ ತಳ್ಳುವಾಗ ನೈಲಾನ್ ಸೀರೆಯ ಸೆರಗಿಗೆ ಬೆಂಕಿ ಹತ್ತಿ ಕುತ್ತಿಗೆ, ಎದೆಯ ಮೇಲ್ಭಾಗ, ಬಲಗೈ ಸುಟ್ಟಿತ್ತು. ಜೀವ ಉಳಿಯಿತು, ಗಾಯವೂ ಒಣಗಿತು. ಆದರೆ ಒಣಗುತ್ತಾ ಒಣಗುತ್ತಾ ಚರ್ಮ ಎಳೆದುಕೊಂಡು ಗದ್ದ ಎದೆಯ ಕಡೆಗೆ ಬಾಗಿ ನಿಂತುಬಿಟ್ಟಿತು. ಎದುರಿಗೆ ನಿಂತವರ ಮುಖ ನೋಡಬೇಕಾದರೂ ಸೊಂಟದಿಂದಲೇ ಹಿಂದಕ್ಕೆ ವಾಲಬೇಕು. ಕೆಳತುಟಿ ಜಗ್ಗಿ ಬಾಯಿ ಪೂರ್ತಿ ಮುಚ್ಚುತ್ತಿರಲಿಲ್ಲ, ಜೊಲ್ಲು ಸುರಿಯುತ್ತಿತ್ತು, ಊಟಕ್ಕೆ ಕೂತರೆ ಮಡಿಲಲ್ಲಿ ಟವೆಲ್ ಇರಲೇಬೇಕು. ಮದುವೆ ಮುಂಜಿ ಅಂತ ಎಲ್ಲಿಗೂ ಹೋಗುವುದನ್ನು ಬಿಟ್ಟಿದ್ದರು. ಇದಕ್ಕೆ ಡಾಕ್ಟರುಗಳು ಕಾಂಟ್ರ್ಯಾಕ್ಚರ್ ಅನ್ನುತ್ತಾರೆ.

ಗಾಯ ವಾಸಿಯಾಗುವ ತಿಂಗಳುಗಳಲ್ಲಿ ಅವರು ದಿಂಬಿಟ್ಟುಕೊಂಡು ಗದ್ದ ಬಾಗಿಸಿ ಮಲಗುತ್ತಿದ್ದರು, ಹಾಗೆ ಮಲಗಿದರೆ ನೋವು ಕಡಿಮೆ ಅಂತ. ಕುತ್ತಿಗೆ ಸುಟ್ಟವರಿಗೆ ದಿಂಬು ಕೊಡಬಾರದು. ಹೆಗಲ ಕೆಳಗೆ ಬಟ್ಟೆ ಸುರುಳಿ ಇಟ್ಟು ಕುತ್ತಿಗೆ ಹಿಂದಕ್ಕೆ ಚಾಚಿರುವ ಹಾಗೆ ಮಲಗಿಸಬೇಕು. ಡಿಸ್ಚಾರ್ಜ್ ಮಾಡುವಾಗ ಇದನ್ನು ನಮಗೆ ಯಾರೂ ಹೇಳಿರಲಿಲ್ಲ. ಮುಂದಿನದ್ದು ಓದದಿದ್ದರೂ ಪರವಾಗಿಲ್ಲ, ಇದೊಂದನ್ನು ನೆನಪಿಡಿ.

ಈಗ ಕ್ಲಿನಿಕ್ ವಿಷಯ. ಫೋನಿನಲ್ಲಿ ಬರುವ ಜಾಹೀರಾತು ನೋಡಿ ನನ್ನ ತಮ್ಮ ಅಪಾಯಿಂಟ್‌ಮೆಂಟ್ ತೆಗೆದುಕೊಂಡಿದ್ದ. ಒಳಗೆ ಮೊದಲು ಸಿಕ್ಕಿದ್ದು ಡಾಕ್ಟರ್ ಅಲ್ಲ, ‘ಕೌನ್ಸೆಲರ್’ ಅಂತ ಬ್ಯಾಡ್ಜ್ ಹಾಕಿಕೊಂಡಿದ್ದ ಹುಡುಗಿ. ಚಿಕ್ಕಮ್ಮ ಕುರ್ಚಿಯಲ್ಲಿ ಸರಿಯಾಗಿ ಕೂರುವ ಮೊದಲೇ ಟ್ಯಾಬ್ ಎತ್ತಿ ಎದುರಿನಿಂದ, ಎಡದಿಂದ, ಬಲದಿಂದ ಫೋಟೋ ಹೊಡೆದಾಯಿತು. ತೆಗೆಯಬಹುದಾ ಅಂತ ಒಂದು ಮಾತು ಕೇಳಲಿಲ್ಲ. ಅದೇ ಫೋಟೋವನ್ನು ತಿದ್ದಿ, ಒಂದು ಗೆರೆಯೂ ಇಲ್ಲದ ನುಣುಪಾದ ಕುತ್ತಿಗೆ ಮಾಡಿ ಅವರ ಮುಂದೆ ಹಿಡಿದರು. ‘ಆಮೇಲೆ ಹೀಗಿರ್ತೀರಾ ಆಂಟಿ.’ ಚಿಕ್ಕಮ್ಮ ಆ ಚಿತ್ರವನ್ನೇ ನೋಡುತ್ತಾ ಕೂತರು. ನನಗೆ ಸಿಟ್ಟು ಬಂದಿದ್ದು ಅಲ್ಲೇ. ಆಳವಾಗಿ ಸುಟ್ಟ ಚರ್ಮದ ಕಲೆಯನ್ನು ಪೂರ್ತಿ ಅಳಿಸುವ ವಿದ್ಯೆ ಇವತ್ತಿಗೂ ಯಾರ ಹತ್ತಿರವೂ ಇಲ್ಲ. ಕಲೆಯ ಜಾಗ ಬದಲಿಸಬಹುದು, ಮೆತ್ತಗೆ ಮಾಡಬಹುದು, ಎಳೆತ ಬಿಡಿಸಬಹುದು. ಅಷ್ಟೇ.

ಪ್ಯಾಕೇಜ್ ಹೇಳಿದರು: ಸ್ಕಾರ್ ರಿವಿಷನ್ (ಕಲೆ ತಿದ್ದುವ ಸರ್ಜರಿ), ಲೇಸರ್, ಅದರ ಜೊತೆಗೆ ಪಿಆರ್‌ಪಿ (ಪೇಶೆಂಟಿನ ರಕ್ತದಿಂದಲೇ ಬೇರ್ಪಡಿಸಿ ಕೊಡುವ ಇಂಜೆಕ್ಷನ್), ಎಲ್ಲ ಸೇರಿ ಇಷ್ಟು, ಇಎಂಐ ಉಂಟು, ಇವತ್ತೇ ಬುಕ್ ಮಾಡಿದರೆ ಡಿಸ್ಕೌಂಟ್. ಕೊಟೇಶನ್ನಿನ ಕೆಳಗೆ ಶೇ 18ರ ಜಿಎಸ್‌ಟಿ ಬೇರೆ. ಇದನ್ನು ಗಮನಿಸಿ. ಬರೀ ಚಂದಕ್ಕೆ ಮಾಡಿಸುವ ಸರ್ಜರಿಗೆ ಮತ್ತು ಕೂದಲು ಕಸಿಗೆ ಜಿಎಸ್‌ಟಿ ಇದೆ, ನಿಜ. ಆದರೆ ಗಾಯದಿಂದ, ಅಪಘಾತದಿಂದ ಅಥವಾ ಹುಟ್ಟಿನಿಂದ ಬಂದ ಊನವನ್ನು ಸರಿಪಡಿಸುವ ಪ್ಲಾಸ್ಟಿಕ್ ಸರ್ಜರಿಗೆ ಜಿಎಸ್‌ಟಿಯಿಂದ ವಿನಾಯಿತಿ ಇದೆ. ಬೆಂಕಿಯಲ್ಲಿ ಸುಟ್ಟು ಬಾಯಿ ಮುಚ್ಚಲಾಗದ ಹೆಂಗಸಿಗೆ ಬ್ಯೂಟಿ ಲೆಕ್ಕದಲ್ಲಿ ಬಿಲ್ ಮಾಡುವವರು ಅವರನ್ನು ಏನು ಅಂತ ನೋಡುತ್ತಿದ್ದಾರೆ ಅನ್ನುವುದು ಅಲ್ಲೇ ಗೊತ್ತಾಗುತ್ತದೆ, ಅಲ್ವಾ?

ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿತ್ತು. ಚಿಕ್ಕಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ಎರಡನೇ ಪುಟದ ನಡುವೆ, ಅರಿವಳಿಕೆಯ ಸಾಲಿಗೂ ಹಣ ವಾಪಸ್ ಇಲ್ಲ ಅನ್ನುವ ಸಾಲಿಗೂ ಮಧ್ಯದಲ್ಲಿ, ಪೇಶೆಂಟಿನ ಫೋಟೋ ವಿಡಿಯೋಗಳನ್ನು ಪ್ರಚಾರಕ್ಕೆ, ಸೋಷಿಯಲ್ ಮೀಡಿಯಾಕ್ಕೆ ಬಳಸಬಹುದು ಅಂತ ಒಂದು ಸಾಲು. ಬೇರೆ ಸಹಿ ಇಲ್ಲ, ಬೇಡ ಅನ್ನುವುದಕ್ಕೆ ಚೌಕವೂ ಇಲ್ಲ. ಸರ್ಜರಿ ಬೇಕಾದರೆ ಮುಖವನ್ನೂ ಕೊಡಬೇಕು ಅನ್ನುವ ಹಾಗೆ. ವೈದ್ಯರ ನಡತೆಯ ಬಗ್ಗೆ 2002ರ ಮೆಡಿಕಲ್ ಕೌನ್ಸಿಲ್ ನಿಯಮಗಳಿವೆ. ಜಾಹೀರಾತು ಕೊಟ್ಟು ರೋಗಿಗಳನ್ನು ಸೆಳೆಯಬಾರದು, ಗುರುತು ಸಿಗುವಂಥ ಫೋಟೋವನ್ನು ಅನುಮತಿ ಇಲ್ಲದೆ ಪ್ರಕಟಿಸಬಾರದು ಅಂತ ಅದರಲ್ಲಿದೆ. ಇವತ್ತು ರೀಲ್ಸ್ ತೆರೆದರೆ ಕಾಣುವುದು ಇದಕ್ಕೆ ಪೂರ್ತಿ ಉಲ್ಟಾ.

ಕೊನೆಗೆ ಡಾಕ್ಟರ್ ಬಂದರು. ನಿಂತುಕೊಂಡೇ ಮಾತಾಡಿದರು. ಬೆಳಿಗ್ಗೆ ಬಂದು ಸಂಜೆ ಮನೆಗೆ ಹೋಗಬಹುದು ಅಂದರು. ಐಸಿಯು ಇದೆಯಾ ಅಂದರೆ ‘ಇದಕ್ಕೆಲ್ಲ ಯಾಕೆ’ ಅಂದರು. ನೀವು ಎಂಸಿಎಚ್ ಮಾಡಿದ್ದೀರಾ ಅಂತ ನೇರವಾಗಿ ಕೇಳಿದೆ. ಕಾಸ್ಮೆಟಾಲಜಿ ಫೆಲೋಶಿಪ್ ಅಂತ ಉತ್ತರ ಬಂತು. ಎಂಬಿಬಿಎಸ್, ಆಮೇಲೆ ಎಂಎಸ್, ಆಮೇಲೆ ಮೂರು ವರ್ಷ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್, ಹೆಚ್ಚಿನವರು ಹೀಗೇ ಪ್ಲಾಸ್ಟಿಕ್ ಸರ್ಜನ್ ಆಗುವುದು. ಕೂದಲು ಕಸಿಯಂಥದ್ದನ್ನು ಕೂಡ ಯೂಟ್ಯೂಬ್ ನೋಡಿ, ವರ್ಕ್‌ಶಾಪಿಗೆ ಹೋಗಿ ಬಂದ ಮಾತ್ರಕ್ಕೆ ಮಾಡುವಂತಿಲ್ಲ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ. ಅದೇ 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಸರ್ಜರಿಯ ನಂತರ 21 ವರ್ಷದ ಕಿರುತೆರೆ ನಟಿ ತೀರಿಕೊಂಡಿದ್ದು ನಿಮಗೂ ನೆನಪಿರಬಹುದು. ಐಸಿಯು ಇದೆಯಾ ಅಂತ ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳಬಾರದು. ಎಲ್ಲರೂ ಕೇಳಲೇಬೇಕಾದ ಪ್ರಶ್ನೆ ಅದು.

ಸಹಿ ಹಾಕದೆ ಎದ್ದು ಬಂದೆವು. ಫೋಟೋ ಅಳಿಸಿ ಅಂದೆ, ಎದುರಿಗೇ ಅಳಿಸಿದರು. ಆ ಒಂದು ಸ್ಟಾರ್ ಅದಕ್ಕೆ.

ಇನ್ನು ಮೆಡಿಕಲ್ ಕಾಲೇಜಿನ ಆಸ್ಪತ್ರೆ. ಚೀಟಿಗೆ ಒಂದು ಸಾಲು, ಹೊರಗಡೆ ಬೆಂಚಿನಲ್ಲಿ ಇನ್ನೊಂದು ಸಾಲು. ಒಳಗೆ ಹೋದ ಮೇಲೆ ಮಾತ್ರ ಡಾಕ್ಟರ್ ಸ್ಟೂಲ್ ಎಳೆದುಕೊಂಡು ಚಿಕ್ಕಮ್ಮನ ಕಣ್ಣಿನ ಮಟ್ಟಕ್ಕೆ ಕೂತರು. ತಲೆ ಎತ್ತಲಾಗದವರ ಹತ್ತಿರ ನಿಂತು ಮಾತಾಡಿದರೆ ಅವರಿಗೆ ನಮ್ಮ ಹೊಟ್ಟೆ ಮಾತ್ರ ಕಾಣುತ್ತದೆ, ಇದು ಆ ಡಾಕ್ಟರಿಗೆ ಗೊತ್ತಿತ್ತು. ಮೊದಲ ಪ್ರಶ್ನೆ ನನಗಲ್ಲ, ತಮ್ಮನಿಗಲ್ಲ, ಅವರಿಗೇ: ‘ನಿಮಗೆ ಏನು ಸರಿಯಾದರೆ ಸಾಕು?’ ನಾನು ಕುತ್ತಿಗೆ ಅಂತ ಹೇಳಲು ಬಾಯಿ ತೆಗೆದಿದ್ದೆ. ಚಿಕ್ಕಮ್ಮ ‘ಜೊಲ್ಲು ನಿಂತರೆ ಸಾಕು’ ಅಂದರು. ಅದನ್ನು ಹಾಗೆಯೇ ಕೇಸ್ ಶೀಟಿನಲ್ಲಿ ಬರೆದುಕೊಂಡರು.

ಆಮೇಲೆ ಗದ್ದದ ಕೆಳಗಿನ ಬಿಗಿ ಎಳೆಗಳನ್ನು ಬೆರಳಲ್ಲಿ ಒತ್ತಿ ನೋಡಿದರು, ನೇರಳೆ ಪೆನ್ನಿನಲ್ಲಿ ಗೆರೆ ಹಾಕಿದರು, ತೊಡೆಯ ಚರ್ಮ ಹಿಡಿದು ನೋಡಿದರು. ಹೇಳಿದ್ದು ಹೀಗೆ: ಎಳೆದುಕೊಂಡ ಚರ್ಮವನ್ನು ಅಡ್ಡಕ್ಕೆ ಕೊಯ್ದು ಬಿಡಿಸುತ್ತೇವೆ, ಬಿಡಿಸಿದರೆ ಅಂಗೈಗಿಂತ ದೊಡ್ಡ ಹಸಿ ಜಾಗ ಬಾಯಿ ಬಿಡುತ್ತದೆ, ಅದನ್ನು ಮುಚ್ಚಬೇಕು. ಮುಚ್ಚುವುದಕ್ಕೆ ಮೂರು ದಾರಿ. ತೊಡೆಯಿಂದ ತೆಳ್ಳಗೆ ಚರ್ಮ ತೆಗೆದು ಕಸಿ ಮಾಡುವುದು ಒಂದು. ಚರ್ಮ, ಕೊಬ್ಬು, ರಕ್ತನಾಳ ಸಮೇತ ಒಂದು ತುಂಡನ್ನೇ ತಂದು ಮೈಕ್ರೋಸ್ಕೋಪಿನ ಕೆಳಗೆ ಕುತ್ತಿಗೆಯ ರಕ್ತನಾಳಕ್ಕೆ ಜೋಡಿಸುವುದು ಇನ್ನೊಂದು, ಇದರಲ್ಲಿ ಮತ್ತೆ ಎಳೆದುಕೊಳ್ಳುವ ಭಯ ಕಡಿಮೆ, ಆದರೆ ದೊಡ್ಡ ಆಪರೇಷನ್, ತಾಸುಗಟ್ಟಲೆ ಹಿಡಿಯುತ್ತದೆ, ನಾಳ ಕಟ್ಟಿಕೊಂಡರೆ ಇಡೀ ತುಂಡು ಹೋಗುತ್ತದೆ. ಮೂರನೆಯದು ಕೃತಕ ಒಳಚರ್ಮದ ಹಾಳೆ ಹೊದಿಸಿ, ಅದು ಹಿಡಿದ ಮೇಲೆ ಮೇಲ್ಗಡೆ ತೆಳುವಾದ ಕಸಿ.

ಈ ಮೂರನೆಯದನ್ನು ಹೇಳುವಾಗ ಡಾಕ್ಟರ್ ಸೇರಿಸಿದ ಮಾತಿಗೆ ನಾನು ಅರ್ಧ ಸ್ಟಾರ್ ಜಾಸ್ತಿಯೇ ಕೊಡುತ್ತೇನೆ. ‘ಇದು ದುಬಾರಿ. ಮತ್ತೆ ಇದನ್ನು ಹಸುವಿನ ಕೊಲ್ಲಾಜನ್‌ನಿಂದ, ಅಂದರೆ ಹಸುವಿನ ಮೈಯಿಂದ ತೆಗೆದ ಪ್ರೋಟೀನ್‌ನಿಂದ ಮಾಡಿರುತ್ತಾರೆ. ನಿಮಗೆ ಮನಸ್ಸಿಗೆ ಒಪ್ಪದಿದ್ದರೆ ಈಗಲೇ ಹೇಳಿ, ಬೇರೆ ದಾರಿ ಇದೆ.’ ಎಷ್ಟು ಜನ ಇದನ್ನು ಬಾಯಿಬಿಟ್ಟು ಹೇಳುತ್ತಾರೆ? ಬಯಾಲಾಜಿಕಲ್ ಶೀಟ್ ಅಂತ ಹೇಳಿ ಮುಗಿಸಬಹುದಿತ್ತು, ನಮಗೆ ಗೊತ್ತೂ ಆಗುತ್ತಿರಲಿಲ್ಲ. ದಿನಾ ಬೆಳಿಗ್ಗೆ ಹಸುವಿಗೆ ಕುಂಕುಮ ಇಟ್ಟು ಹಾಲು ಕರೆಯುವ ಚಿಕ್ಕಮ್ಮ ಬೇಡ ಅಂದರು. ಯಾರೂ ಮುಖ ಸಿಂಡರಿಸಲಿಲ್ಲ, ಬುದ್ಧಿ ಹೇಳಲಿಲ್ಲ.

ಅರಿವಳಿಕೆ ಡಾಕ್ಟರ್ ಬೇರೆಯೇ ಕರೆದು ಬಾಯಿ ತೆರೆಸಿ, ಕುತ್ತಿಗೆ ಎಷ್ಟು ಎತ್ತುತ್ತದೆ ಅಂತ ನೋಡಿದರು. ಗದ್ದ ಎದೆಗೆ ಬಾಗಿರುವವರಿಗೆ ಉಸಿರಿನ ಕೊಳವೆ ಹಾಕುವುದೇ ಈ ಆಪರೇಷನ್ನಿನ ದೊಡ್ಡ ಅಪಾಯವಂತೆ. ಮಲಗಿಸಿ ಮದ್ದು ಕೊಟ್ಟ ಮೇಲೆ ಕೊಳವೆ ಹೋಗದಿದ್ದರೆ ಉಸಿರೇ ನಿಲ್ಲಬಹುದು. ಅದಕ್ಕೆ ಎಚ್ಚರ ಇರುವಾಗಲೇ ಮೂಗಿನಿಂದ ಕ್ಯಾಮೆರಾ ಇರುವ ತೆಳುವಾದ ನಳಿಗೆ ಹಾಕಿ, ದಾರಿ ನೋಡಿಕೊಂಡು ಕೊಳವೆ ಇಳಿಸುತ್ತೇವೆ, ಸ್ವಲ್ಪ ಹಿಂಸೆ ಆಗುತ್ತದೆ, ಐಸಿಯು ಬೆಡ್ ಇಟ್ಟುಕೊಂಡೇ ಮಾಡುತ್ತೇವೆ ಅಂದರು. ಇದನ್ನು ಕೇಳುತ್ತಿದ್ದ ಹಾಗೆ ನನಗೆ ಆ ಕ್ಲಿನಿಕ್ಕಿನ ‘ಸಂಜೆ ಮನೆಗೆ’ ನೆನಪಾಗಿ ಕೈ ತಣ್ಣಗಾಯಿತು.

ಕಲೆ ಹೋಗುವುದಿಲ್ಲ ಅಂತಲೂ ಮೊದಲೇ ಹೇಳಿದ್ದರು. ಕಸಿ ಮಾಡಿದ ಜಾಗ ತೇಪೆ ಹಾಕಿದ ಹಾಗೆ, ಬೇರೆ ಬಣ್ಣದಲ್ಲೇ ಇರುತ್ತದೆ, ತೊಡೆಯಲ್ಲೂ ಒಂದು ಹೊಸ ಕಲೆ ಬರುತ್ತದೆ, ಆರು ತಿಂಗಳು ವರ್ಷ ಕಾಲರ್ ಹಾಕದಿದ್ದರೆ ಕಸಿಯೂ ಕುಗ್ಗಿ ಮೊದಲಿನ ಸ್ಥಿತಿಗೇ ಬರಬಹುದು. ಚಿಕ್ಕಮ್ಮ ಸುಮ್ನೆ ತಲೆ ಆಡಿಸಲಿಲ್ಲ, ಕೂತು ಯೋಚನೆ ಮಾಡಿ ಆಮೇಲೆ ತೊಡೆಯ ಚರ್ಮದ ಕಸಿಗೆ ಒಪ್ಪಿದರು. ಒಪ್ಪಿಗೆ ಪತ್ರ ಕನ್ನಡದಲ್ಲಿತ್ತು. ಫೋಟೋಗೆ ಬೇರೆ ಹಾಳೆ: ದಾಖಲೆಗೆ ಮಾತ್ರ, ಪಾಠಕ್ಕೆ, ಪ್ರಕಟಣೆಗೆ, ಮೂರಕ್ಕೂ ಬೇರೆ ಬೇರೆ ಸಹಿ. ಅವರು ಮೊದಲನೆಯದಕ್ಕೆ ಮಾತ್ರ ಹಾಕಿದರು.

ಪ್ಲಾಸ್ಟಿಕ್ ಸರ್ಜರಿ ಅಂದರೆ ಸಿನಿಮಾದವರ ಮೂಗು ಅಂದುಕೊಂಡಿರುವವರಿಗೆ ಒಂದು ಮಾತು. ಈ ವಿದ್ಯೆಗೂ ನಮ್ಮ ಮೈಸೂರು ಯುದ್ಧಕ್ಕೂ ನಂಟಿದೆ. 1792ರ ಯುದ್ಧದಲ್ಲಿ ಬ್ರಿಟಿಷರ ಕಡೆ ಎತ್ತಿನ ಗಾಡಿ ಹೊಡೆಯುತ್ತಿದ್ದ ಕೊವಾಸ್‌ಜಿ ಎಂಬಾತ ಟಿಪ್ಪುವಿನ ಸೈನಿಕರ ಕೈಗೆ ಸಿಕ್ಕಿ ಮೂಗು, ಕೈ ಕಳೆದುಕೊಂಡ. ಪುಣೆಯ ಹತ್ತಿರದ ಒಬ್ಬ ಕಸುಬುದಾರ ಅವನ ಹಣೆಯ ಚರ್ಮ ತಿರುಗಿಸಿ ಮೂಗು ಕಟ್ಟಿಕೊಟ್ಟ. ಅದು ಚಿತ್ರ ಸಮೇತ 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಅಚ್ಚಾಯಿತು, ಅದನ್ನು ಓದಿದ ಕಾರ್ಪ್ಯೂ ಎಂಬ ಸರ್ಜನ್ 1814ರಲ್ಲಿ ಅಲ್ಲಿ ಅದೇ ರೀತಿ ಮಾಡಿದ. ಹಣೆಯ ಚರ್ಮದಿಂದ ಮೂಗು ಕಟ್ಟುವುದು ಇವತ್ತಿಗೂ ನಡೆಯುತ್ತದೆ.

ಹೊಸತು ಅಂದ ಕೂಡಲೇ ಅದೇ ನಮಗೂ ಬೇಕು ಅಂತಲೂ ಇಲ್ಲ. ಕೊಚ್ಚಿಯ ಅಮೃತಾ ಆಸ್ಪತ್ರೆಯಲ್ಲಿ 2015ರಲ್ಲಿ ದೇಶದ ಮೊದಲ ಕೈ ಕಸಿ ಆಯಿತು. ಮಣಿಪಾಲದಲ್ಲಿ ಓದುತ್ತಿದ್ದ, ಬಸ್ ಅಪಘಾತದಲ್ಲಿ ಎರಡೂ ಕೈ ಕಳೆದುಕೊಂಡಿದ್ದ ಹುಡುಗಿಗೂ 2017ರಲ್ಲಿ ಅಲ್ಲೇ ಕೈ ಕೂಡಿಸಿದರು. ಓದಿದರೆ ಕಣ್ಣು ತುಂಬುತ್ತದೆ. ಆದರೆ ಬೇರೆಯವರ ಕೈ ಒಪ್ಪಿಕೊಳ್ಳಲು ಜೀವನಪೂರ್ತಿ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ನುಂಗಬೇಕು, ಸೋಂಕು, ಕ್ಯಾನ್ಸರ್ ಅಪಾಯ ಹೆಚ್ಚುತ್ತದೆ. ಇದನ್ನೆಲ್ಲ ಕೂರಿಸಿ ಹೇಳಿ, ಬೇಡ ಅನ್ನಲು ಜಾಗ ಬಿಟ್ಟು ಕೇಳುವುದೇ ಒಪ್ಪಿಗೆ. ಲೇಟೆಸ್ಟ್ ಟೆಕ್ನಾಲಜಿ ಅಂತ ಬೋರ್ಡ್ ಹಾಕುವುದಲ್ಲ.

ಫಲಿತಾಂಶಕ್ಕೆ ಬರೋಣ. ಕಸಿ ಹಿಡಿಯಿತು, ಒಂದು ಮೂಲೆಯಲ್ಲಿ ಸ್ವಲ್ಪ ಹೋಯಿತು, ಡ್ರೆಸ್ಸಿಂಗಿನಲ್ಲೇ ವಾಸಿಯಾಯಿತು. ಕುತ್ತಿಗೆಗಿಂತ ತೊಡೆಯ ನೋವು, ಆಮೇಲೆ ಅದರ ತುರಿಕೆ ಜಾಸ್ತಿ ಕಾಡಿತು. ಬಾಯಿ ಮುಚ್ಚುತ್ತದೆ, ಜೊಲ್ಲು ನಿಂತಿದೆ. ಕುತ್ತಿಗೆ ಪೂರ್ತಿ ಅಲ್ಲದಿದ್ದರೂ ಚೆನ್ನಾಗಿಯೇ ಏಳುತ್ತದೆ. ತೇಪೆ ಕಾಣುತ್ತದೆ, ಅವರು ಹೇಳಿದ ಹಾಗೆಯೇ. ಬಿಪಿಎಲ್ ಕಾರ್ಡ್ ಇದ್ದುದರಿಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಆಯಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ, ಸುಟ್ಟ ಗಾಯದ ಕಾಂಟ್ರ್ಯಾಕ್ಚರ್ ಸರ್ಜರಿಯೂ ಸೇರುತ್ತದೆ. ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ಮೊದಲೇ ಮಾಡಿಸಿಕೊಳ್ಳಿ.

ಇಷ್ಟೆಲ್ಲ ಒಳ್ಳೆಯದಾದರೂ ಒಂದು ಸ್ಟಾರ್ ಕಟ್ ಮಾಡಿದ್ದು ಯಾಕೆ ಅಂದರೆ, ಬೆಳಗಿನ ರೌಂಡ್ಸ್‌ನಲ್ಲಿ ವಿದ್ಯಾರ್ಥಿಗಳ ಗುಂಪು ಬಂದು, ಪರದೆ ಎಳೆಯದೆ ಎದೆಯ ಮೇಲಿನ ಬಟ್ಟೆ ಸರಿಸಿ ನೋಡಿದರು. ಮೊದಲ ದಿನ ಅಷ್ಟು ನಯವಾಗಿ ಕೇಳಿದ ವಿಭಾಗ ಅದೇ. ಹೇಳಿದ ಮೇಲೆ ಸರಿಪಡಿಸಿಕೊಂಡರು, ಆದರೆ ಹೇಳಬೇಕಾಯಿತು. ಹೊಸ ಸುಟ್ಟ ಗಾಯದ ಕೇಸ್ ಬಂದು ನಮ್ಮ ಆಪರೇಷನ್ ಮುಂದಕ್ಕೆ ಹೋದದ್ದಕ್ಕೆ ದೂರಿಲ್ಲ, ಅವರಿಗೆ ಮೊದಲು ಆಗಬೇಕಾದ್ದೇ. ಅಂಥ ದೊಡ್ಡ ಸುಟ್ಟ ಗಾಯಗಳಿಗೆ ದಾನದ ಚರ್ಮ ಬೇಕು. ವಿಕ್ಟೋರಿಯಾ ಆಸ್ಪತ್ರೆಯಲ್ಲಿ 2016ರಿಂದ ಚರ್ಮ ಬ್ಯಾಂಕ್ ಇದೆ, ತೀರಿಕೊಂಡ 6 ಗಂಟೆಯೊಳಗೆ ಚರ್ಮ ದಾನ ಮಾಡಬಹುದು, ರಕ್ತದ ಗುಂಪು ಹೊಂದಬೇಕಿಲ್ಲ, ತೆಗೆಯುವುದು ಮೇಲಿನ ತೆಳು ಪದರ ಮಾತ್ರ. ಕಣ್ಣಿನ ದಾನದ ಬಗ್ಗೆ ಮಾತಾಡುವ ಮನೆಗಳಲ್ಲಿ ಇದನ್ನೂ ಮಾತಾಡಿ.

ಮನಸ್ಸಿನ ಕಡೆ ನೋಡಿಕೊಳ್ಳುವವರು ವಿಭಾಗದಲ್ಲಿ ಯಾರೂ ಇರಲಿಲ್ಲ, ಅದು ನಿಜವಾದ ಕೊರತೆ. ಮುಖ ಕುತ್ತಿಗೆ ಸುಟ್ಟವರಿಗೆ ಚರ್ಮದಷ್ಟೇ ಅದೂ ಬೇಕು. ಇನ್ನು ಪ್ರೆಶರ್ ಗಾರ್ಮೆಂಟ್, ಅಂದರೆ ಕಲೆಯನ್ನು ಒತ್ತಿ ಹಿಡಿಯುವ ಬಿಗಿ ಉಡುಪು, ದಿನದಲ್ಲಿ 23 ಗಂಟೆ ಹಾಕಿರಬೇಕು, ಸಡಿಲವಾದರೆ ಪ್ರಯೋಜನವಿಲ್ಲ. ಕೊಟ್ಟಿದ್ದು ಈಗಲೇ ಜೋಲು ಬಿದ್ದಿದೆ. ಹಾಸನದ ಸುತ್ತ ಅಳತೆ ತೆಗೆದು ಹೊಲಿದು ಕೊಡುವವರು ಯಾರಾದರೂ ಗೊತ್ತಿದ್ದರೆ ತಿಳಿಸಿ, ಸದ್ಯ ಅದಕ್ಕೂ ಬೆಂಗಳೂರಿಗೇ ಬರಬೇಕಾಗಿದೆ.